ಹೊಟ್ಟೆಯ ಕೆಳಗಿನ ಕೈ

ಮೂರನೇ ಮಹಡಿಯ ಐಸಿಯು, ಕಿಟಕಿ ಪಕ್ಕದ ಮಂಚ
ಬುಧವಾರ, ಜೂನ್ ೧೨, ಬೆಳಗ್ಗೆ ಹತ್ತೂಕಾಲು

ನನ್ನ ಪ್ರೀತಿಯ ಹೆಡ್‌ಮಿಸ್ಸಿಗೆ,

ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದ ಮೇಲೂ ನೀನು ಗೋಡೆ ಬಿಡುತ್ತಿಲ್ಲ ಎಂದು ಮಗಳು ದೂರು ಹೇಳಿದಳು. ಇರಲಿ, ಅವಸರ ಬೇಡ. ನನ್ನ ಆಂಬ್ಯುಲೆನ್ಸಿನ ಹಿಂದೆ ಬರಿಗಾಲಲ್ಲಿ ಓಡಿ ಮೆಟ್ಟಿಲಲ್ಲಿ ಜಾರಿದೆಯಲ್ಲ, ಆ ಅವಸರವೇ ಸಾಕು. ಮಾತ್ರೆ ನುಂಗುತ್ತಿದ್ದೀಯಾ, ಇಲ್ಲಾ ಹೂಕುಂಡಕ್ಕೆ ಹಾಕುತ್ತಿದ್ದೀಯಾ? ಮದುವೆಯಾದ ಮೇಲೆ ಮೂವತ್ತೊಂದು ದಿನ ನಿನ್ನ ಮುಖ ನೋಡದೆ ಇದ್ದದ್ದು ಇದೇ ಮೊದಲು. ಕಾಗದದಲ್ಲಿ ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ.

ನನಗೆ ನ್ಯುಮೋನಿಯಾ ಹೋಯಿತು, ಜ್ವರ ಹೋಯಿತು, ಈ ವೆಂಟಿಲೇಟರ್ ಮಾತ್ರ ಹೋಗಿಲ್ಲ. ಗಂಟಲಿಗೆ ಕೊಳವೆ ಹಾಕಿರುವುದರಿಂದ ಮಾತಿಲ್ಲ. ಸ್ಲೇಟೇ ನನ್ನ ಬಾಯಿ. ಮದ್ದಿನ ಮಂಪರಿನಲ್ಲಿದ್ದ ದಿನಗಳೆಲ್ಲ ನಾನು ನಮ್ಮ ಈಜುಕೊಳದ ತಳದಲ್ಲೇ ಇದ್ದೆ ಕಣೇ. ನೀಲಿ ಟೈಲ್ಸಿನ ಮೇಲೆ ಬಿಸಿಲು ಬಲೆಯ ಹಾಗೆ ಅಲುಗುತ್ತಿತ್ತು. ಮೇಲೆ ಪುಟ್ಟ ಪುಟ್ಟ ಕಾಲುಗಳು ನೀರು ಬಡಿಯುತ್ತಿದ್ದವು. ನೀನು ದಡದಲ್ಲಿ ಟವೆಲ್ ಹಿಡಿದು ಏನೋ ಬೈಯುತ್ತಿದ್ದೆ, ಒಂದಕ್ಷರವೂ ಕೇಳುತ್ತಿರಲಿಲ್ಲ. ಸುಖವಾಗಿತ್ತು. ಈಗಲೂ ಕಣ್ಣು ಮುಚ್ಚಿದರೆ ಮಂಚ ಮೆಲ್ಲಗೆ ತೇಲುತ್ತದೆ.

ನಗಬೇಡ, ನನ್ನ ಮಾನ ಹೋದ ಸಂಗತಿ ಹೇಳುತ್ತೇನೆ. ಯಂತ್ರದ ಆಸರೆ ತಗ್ಗಿಸಿ, ನಾನೇ ಉಸಿರಾಡುತ್ತೇನೋ ಎಂದು ಎರಡು ಸಲ ಪರೀಕ್ಷಿಸಿದರು. ಮೊದಲ ಸಲ ಡಾಕ್ಟರು "ಈಗ ಶುರು" ಎಂದದ್ದೇ ತಡ, ಮೂವತ್ತೈದು ವರ್ಷದ ಅಭ್ಯಾಸ ನೋಡು, ನೀರಿಗೆ ಹಾರುವವನಂತೆ ಎದೆ ತುಂಬ ಗಾಳಿ ಎಳೆದು ಬಿಗಿಹಿಡಿದುಬಿಟ್ಟೆ! ಅಲಾರಂ ಬೊಬ್ಬೆ ಹೊಡೆಯಿತು. ಎರಡನೇ ಸಲ ಬುದ್ಧಿವಂತನಾಗಿ ಒಂದೊಂದೇ ಉಸಿರು ಎಣಿಸಿದೆ. ನಡುವೆ ಲೆಕ್ಕ ತಪ್ಪಿ, ಗಾಬರಿಯಾಗಿ, ಬೆವೆತು ಒದ್ದೆಯಾದೆ. ಹನ್ನೊಂದೇ ನಿಮಿಷಕ್ಕೆ ಮತ್ತೆ ಯಂತ್ರ. ಊರ ಮಕ್ಕಳಿಗೆಲ್ಲ ಉಸಿರಾಟ ಕಲಿಸಿದ ಈಜು ಮೇಷ್ಟ್ರು ಎರಡು ಸಲ ಫೇಲು.

ನಾಳೆ ಮೂರನೆಯದು ಎಂದಿದ್ದಾರೆ. ಅದೂ ಆಗದಿದ್ದರೆ ಯಂತ್ರದ ಸಮೇತ ಬೇರೆ ಆಸ್ಪತ್ರೆಗೆ. ಐದು ಗಂಟೆಯ ದಾರಿ, ಎಷ್ಟು ತಿಂಗಳೋ. ಈ ಕಾಲಿನಲ್ಲಿ ನೀನು ಅಲ್ಲಿಗೆ ಬರಲಾರೆ. ನನಗೆ ಹೆದರಿಕೆಯಾಗುತ್ತಿದೆ. ಮಗಳಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇಲ್ಲೊಬ್ಬರು ಸಿಸ್ಟರ್ ಇದ್ದಾರೆ, ಕನ್ನಡಕದಮ್ಮ ಎಂದು ನಾನಿಟ್ಟ ಹೆಸರು. ಮಕ್ಕಳಿಗೆ ಹೇಗೆ ಕಲಿಸುತ್ತಿದ್ದಿರಿ ಎಂದು ನಿನ್ನೆ ಕೇಳಿದರು. ಸ್ಲೇಟು ಮೂರು ಸಲ ಒರೆಸಿ ಬರೆದೆ. ಹೊಟ್ಟೆಯ ಕೆಳಗೆ ಕೈ ಕೊಟ್ಟು ತೇಲಿಸಬೇಕು, ನಾಯಿಮರಿಯದೋ ಅಜ್ಜಿಯದೋ ಸುದ್ದಿ ಕೇಳುತ್ತ ಮಾತಿಗೆಳೆಯಬೇಕು, ಮಗು ಹೇಳುತ್ತಾ ಮೈಮರೆತಾಗ ಸದ್ದಿಲ್ಲದೆ ಕೈ ತೆಗೆಯಬೇಕು. "ಬಿಡ್ತೀನಿ" ಅಂದರೆ ಮುಳುಗುತ್ತಾರೆ. ನಮ್ಮ ಮಗಳೂ ಹಾಗೇ ಕಲಿತದ್ದಲ್ಲವೇ? ಕನ್ನಡಕದಮ್ಮ ಓದಿ ಪುಸಕ್ಕನೆ ನಕ್ಕರು. ಇವತ್ತು ಬೆಳಗ್ಗೆ ಎಂದಿನಂತೆ ಯಂತ್ರ ನೋಡಿ, ಕಣ್ಣಿಗೆ ಬೆಳಕು ಹೊಡೆಯುತ್ತದೆಂದು ಮಾನಿಟರನ್ನು ಆಚೆ ತಿರುಗಿಸಿ, ಹಾಳೆ ಪೆನ್ನು ಕೊಟ್ಟರು. "ಮನೆಯವ್ರಿಗೆ ಒಂದು ಕಾಗದ ಬರೀರಿ ಮೇಷ್ಟ್ರೇ, ಉದ್ದ ಇರ್ಲಿ" ಎಂದರು.

ಎಸಿಯ ಗಾಳಿಗೆ ಪರದೆ ಉಬ್ಬುತ್ತದೆ, ಇಳಿಯುತ್ತದೆ. ಅದನ್ನೇ ನೋಡುತ್ತಾ ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಎದುರುಮನೆ ದರ್ಜಿಗೆ ನನ್ನ ನೆನಪು ಹೇಳು. ಮಗಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ಉಳಿದ ಪ್ರೀತಿಯೆಲ್ಲ ನಿನಗೆ, ಪಾಲಿಲ್ಲ.

ನಿನ್ನ
ಫೇಲಾದ ಮೇಷ್ಟ್ರು

ಮರೆಯುವ ಮುಂಚೆ: ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಲಕೋಟೆ ಕೇಳಿದರೆ ಕನ್ನಡಕದಮ್ಮ ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಬಾಗಿಲಲ್ಲಿ ಡಾಕ್ಟರು. "ನೀವು ಕಾಗದ ಶುರು ಮಾಡ್ದಾಗ್ಲೇ ಕೈ ತೆಗೆದ್ವಿ ಮೇಷ್ಟ್ರೇ" ಎಂದರು ಕನ್ನಡಕದಮ್ಮ. ಒಂದು ಗಂಟೆ ಇಪ್ಪತ್ತು ನಿಮಿಷ! ಇಷ್ಟನ್ನೂ ನನ್ನ ಉಸಿರಿನಲ್ಲೇ ಬರೆದಿದ್ದೇನೆ ಕಣೇ. ಇನ್ನೂ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕಂತೆ, ಆದರೆ ಬೇರೆ ಆಸ್ಪತ್ರೆಯ ಮಾತಿಲ್ಲ, ಮನೆಗೇ ಬರುತ್ತೇನೆ. ಇನ್ನೊಂದು, ನಿನ್ನ ತೋಳು ಹಿಡಿದು ನಡೆಸುವಾಗ ಮಗಳು ಸುಮ್ಮಸುಮ್ಮನೆ ಏನಾದರೂ ಕೇಳಿದರೆ, ಹೇಳುತ್ತಾ ಹೋಗು. ತೋಳಿನ ಕಡೆ ನೋಡಬೇಡ.