ಎಡಗಡೆಯಿಂದ ಹೊತ್ತಿಕೊಂಡ ಮನೆ

ಪಠ್ಯ ಮತ್ತು ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

ನಿಮ್ಮ ಪುಸ್ತಕ ತಪ್ಪು. ಅದನ್ನು ನೋಡಿ ಬರೆದ ಮಾದರಿ ಉತ್ತರವೂ ತಪ್ಪು. ಸರಿಯಾದ ಉತ್ತರ ಬರೆದ ನನ್ನ ಅಕ್ಕ ಮೂರು ಅಂಕ ಸಾಲದೆ ನಪಾಸಾಗಿದ್ದಾಳೆ, ಮುಂದಿನ ತಿಂಗಳು ಒಂದನೇ ತಾರೀಖಿಗೆ ಅವಳ ಕೆಲಸ ಹೋಗುತ್ತದೆ. ನಿಮಗೇ ಬರೆದ ಎರಡು ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯ ಹೊರತು ಏನೂ ಬಾರದ್ದರಿಂದ ಈ ಮೂರನೆಯದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಅಕ್ಕ ವಸ್ತುಸಂಗ್ರಹಾಲಯದ ಎರಡನೇ ಮಹಡಿಯಲ್ಲಿ ಹತ್ತೊಂಬತ್ತು ವರ್ಷ ಕಾವಲು ಕೂತವಳು. ಅಲ್ಲಿ ನಾಲ್ಕು ಕೋಣೆಗಳು: ಆಫ್ರಿಕದ್ದು, ಬೌದ್ಧರದ್ದು, ಜಪಾನಿನದ್ದು, ಇಸ್ಲಾಮಿನದ್ದು. ‘ಮುಟ್ಟಬೇಡಿ’ ಎನ್ನುವುದಷ್ಟೇ ಅವಳ ಕೆಲಸ. ಆದರೆ ಬಾಯಿ ಮುಚ್ಚಿ ಕೂರುವುದು ಅವಳ ಜಾಯಮಾನವಲ್ಲ. ತಿಳಿದವರು ಯಾರೇ ಬಂದರೂ ಕೇಳಿ ಕೇಳಿ ಕಲಿತಳು. ವರ್ಷಕ್ಕೆರಡು ಸಲ ಜಪಾನಿನ ಚಿತ್ರಸುರುಳಿಯನ್ನು ಬಿಚ್ಚುವಾಗ ದುರಸ್ತಿ ವಿಭಾಗದ ಹಿರಿಯರು ಬಲಗಡೆ ನಿಲ್ಲುತ್ತಾರೆ, ಅಕ್ಕ ಎಡಗಡೆಯ ದಂಡ ಹಿಡಿಯುತ್ತಾಳೆ. ಆ ಸುರುಳಿ ಬಲದಿಂದ ಎಡಕ್ಕೆ ಬಿಚ್ಚಿಕೊಳ್ಳುತ್ತದೆ, ಕಥೆಯೂ ಹಾಗೆಯೇ ಸಾಗುತ್ತದೆ. ಇದನ್ನು ಅವಳು ಓದಿ ತಿಳಿದದ್ದಲ್ಲ, ಕೈಯಲ್ಲಿ ಹಿಡಿದು ತಿಳಿದದ್ದು. ಈ ವರ್ಷ ಕಾವಲಿನವರು ಬೇಡ, ವಿವರಿಸುವ ಗೈಡುಗಳು ಸಾಕು, ನಿಮ್ಮ ಪರೀಕ್ಷೆ ಪಾಸಾದವರಷ್ಟೇ ಉಳಿಯಲಿ ಎಂದು ಆದೇಶವಾಯಿತು. ಸಂತೋಷದಿಂದಲೇ ಪರೀಕ್ಷೆಗೆ ಕೂತಳು, ಪಾಪ.

ನಿಮ್ಮ ವಿಶ್ವಕಲೆಯ ಪಠ್ಯಪುಸ್ತಕಕ್ಕೆ ಇನ್ನೂರ ಹನ್ನೆರಡು ಪುಟ. ಅಕ್ಕನ ನಾಲ್ಕು ಕೋಣೆಗಳಿಗೆ ಸಿಕ್ಕಿದ್ದು ಕೊನೆಯ ಹನ್ನೊಂದು, ‘ಇತರೆ ಕಲೆಗಳು’ ಎಂಬ ಹೆಸರಿನಲ್ಲಿ. ಯಾರಿಗೆ ಇತರೆ, ಸ್ವಾಮಿ? ಆ ಹನ್ನೊಂದರಲ್ಲಾದರೂ ಕಣ್ಣು ತೆರೆದು ನೋಡಿದ್ದೀರಾ? ತಲೆಯ ಮೇಲೆ ಹೊತ್ತು ಕುಣಿಯುವ ಆಫ್ರಿಕದ ಮುಖವಾಡ, ಉಡುಪು ಕಟ್ಟುವ ತೂತುಗಳು ಅಂಚಿನುದ್ದಕ್ಕೂ ಕಾಣುತ್ತಿದ್ದರೂ, ನಿಮಗೆ ‘ಗೋಡೆಯ ಅಲಂಕಾರ’. ನೆಲವನ್ನು ಸಾಕ್ಷಿಗೆ ಕರೆಯುವ ಬುದ್ಧ ‘ದಣಿದು ಕೈ ಇಳಿಬಿಟ್ಟ ಭಂಗಿ’. ಮಸೀದಿಯ ಹೆಂಚಿನ ಮೇಲಿನ ಅರಬ್ಬಿ ಸಾಲು ‘ಬಳ್ಳಿಯ ಚಿತ್ತಾರ’, ಅದೂ ತಲೆಕೆಳಗಾಗಿ ಅಚ್ಚಾಗಿದೆ.

ಇನ್ನು ಆ ಸುರುಳಿ. ಒಬ್ಬ ಹೆಂಗಸು ದೀಪ ಆರಿಸದೆ ಮಲಗುತ್ತಾಳೆ. ಮನೆ ಹೊತ್ತಿಕೊಳ್ಳುತ್ತದೆ. ನೆರೆಯವರು ನೀರು ಹೊತ್ತು ಓಡಿ ಬರುತ್ತಾರೆ. ಕೊನೆಗೆ ಬೂದಿಯ ಮೇಲೆ ಎಲ್ಲರೂ ಸೇರಿ ಹೊಸ ಮನೆ ಎತ್ತುತ್ತಾರೆ. ನೀವು ಅದನ್ನು ನಾಲ್ಕು ತುಂಡು ಮಾಡಿ ಎಡದಿಂದ ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿ ಹಾಕಿದ್ದೀರಿ. ಹೀಗಾಗಿ ನಿಮ್ಮ ಜಪಾನಿನಲ್ಲಿ ಜನ ಮೊದಲು ಮನೆ ಕಟ್ಟುತ್ತಾರೆ, ಆಮೇಲೆ ನೀರು ತರುತ್ತಾರೆ, ಆಮೇಲೆ ಮನೆ ಉರಿಯುತ್ತದೆ, ಎಲ್ಲ ಮುಗಿದ ಮೇಲೆ ಹೆಂಗಸು ದೀಪದ ಪಕ್ಕ ನಿದ್ದೆ ಹೋಗುತ್ತಾಳೆ. ಕೆಳಗೆ ನಿಮ್ಮ ವ್ಯಾಖ್ಯಾನ: ‘ಸರ್ವನಾಶದ ನಡುವೆಯೂ ನಿದ್ರಿಸುವ ಮಹಿಳೆ ಪೌರ್ವಾತ್ಯ ವೈರಾಗ್ಯದ ಸಂಕೇತ.’ ತಪ್ಪನ್ನು ತಪ್ಪೆಂದು ಬಿಟ್ಟಿದ್ದರೂ ಆಗುತ್ತಿತ್ತು, ನೀವು ಅದಕ್ಕೊಂದು ತತ್ತ್ವವನ್ನೂ ಕಟ್ಟಿಬಿಟ್ಟಿರಿ!

ಹದಿನಾಲ್ಕನೇ ಪ್ರಶ್ನೆ: ಸುರುಳಿಯ ಕಥೆಯನ್ನು ಕ್ರಮವಾಗಿ ಬರೆಯಿರಿ, ಐದು ಅಂಕ. ಅಕ್ಕ ಕಂಡದ್ದನ್ನು ಬರೆದಳು. ಸೊನ್ನೆ ಬಂತು. ನಿಮ್ಮ ಕಚೇರಿಯ ಮೂರನೇ ಕಿಟಕಿಗೆ ನಾವಿಬ್ಬರೂ ಹೋದೆವು.

“ಕೀ ಉತ್ತರದಲ್ಲಿ ಹಿಂಗಿದೆಯಮ್ಮಾ, ನಾನೇನ್ ಮಾಡ್ಲಿ?” ಎಂದರು ಗುಮಾಸ್ತರು.

“ಮನೆ ಸುಟ್ಟ ಮೇಲೆ ಆ ಹೆಂಗಸು ಎಲ್ಲಿ ಮಲಗಿದ್ಳು ಸಾರ್?” ಅಂದಳು ಅಕ್ಕ.

“ಅವರ ಮನೆ, ಅವರಿಷ್ಟ. ಆರ್ಟ್ ಅಲ್ವಾ, ಹೆಂಗ್ ಬೇಕಾದ್ರೂ ನೋಡಬಹುದು.”

“ಹಂಗಾದ್ರೆ ನಾನು ನೋಡಿದ್ದಕ್ಕೆ ಸೊನ್ನೆ ಯಾಕೆ ಕೊಟ್ರಿ?”

ಕಿಟಕಿ ಮುಚ್ಚಿತು. ಮೆಟ್ಟಿಲಿಳಿಯುವಾಗ ಅಕ್ಕ, “ಬಿಡೇ, ಮುಂದಿನ ಸಲ ಅವರು ಹೇಳ್ದಂಗೇ ಬರೆದ್ರಾಯ್ತು” ಎಂದಳು. ನನಗೆ ಸಿಟ್ಟು ನೆತ್ತಿಗೇರಿದ್ದು ಆಗ. ಹತ್ತೊಂಬತ್ತು ವರ್ಷದಲ್ಲಿ ಕಲಿತದ್ದನ್ನು ಒಂದೇ ಬೆಳಿಗ್ಗೆ ಮರೆಯಲು ಒಪ್ಪಿಸಿದಿರಲ್ಲ, ಇದನ್ನು ಶಿಕ್ಷಣ ಎನ್ನುತ್ತೀರಾ?

ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಗೊತ್ತಿಲ್ಲದ ಊರಿನ ಕಥೆ ಓದುವಾಗ, ತಂದುಕೊಟ್ಟವರನ್ನು ನಂಬದೆ ಗತಿಯಿಲ್ಲ. ಕೊನೆಯ ಅಧ್ಯಾಯ ಮೊದಲು ಸೇರಿಕೊಂಡ ಪ್ರತಿ ಸಿಕ್ಕರೆ ಅಂಗಡಿಯವರು ಕ್ಷಮೆ ಕೇಳಿ ಬದಲಿಸಿಕೊಡುತ್ತಾರೆ. ಅದನ್ನೇ ಉರುಹೊಡೆಯಿರಿ ಎನ್ನುವುದಿಲ್ಲ.

ಅಕ್ಕನಿಗೆ ದಯೆ ಬೇಡ, ಮರುಪರೀಕ್ಷೆಯೂ ಬೇಡ. ಒಂದನೇ ತಾರೀಖಿಗೆ ಮೊದಲು ಹದಿನಾಲ್ಕನೇ ಉತ್ತರವನ್ನು ಮತ್ತೆ ಓದಿಸಿ, ಅದು ಸರಿ ಎಂದು ನಿಮ್ಮ ಸಹಿಯೊಡನೆ ಬರೆದುಕೊಡಿ. ಹಾಗೆ ಬರೆದವರು ಇನ್ನೂ ಇದ್ದರೆ ಅವರಿಗೂ ಕೊಡಿ. ಆ ಹನ್ನೊಂದು ಪುಟಗಳನ್ನು ಬಲ್ಲವರಿಂದ ಹೊಸದಾಗಿ ಬರೆಸುವವರೆಗೆ ಪುಸ್ತಕ ಮಾರುವುದನ್ನು ನಿಲ್ಲಿಸಿ. ಇದಾಗದಿದ್ದರೆ ಮುಂದಿನ ಸಲ ಸುರುಳಿ ಬಿಚ್ಚುವ ದಿನ ಜನರ ಮುಂದೆ ನಿಂತು ಕಥೆ ಹೇಳುವವರು ನಿಮ್ಮಲ್ಲಿ ಪೂರ್ತಿ ಅಂಕ ಪಡೆದವರು. ಅಕ್ಕ ಟಿಕೆಟ್ ಕೊಂಡು ಹಿಂದಿನ ಸಾಲಿನಲ್ಲಿ ನಿಂತು ಅದನ್ನು ಕೇಳಬೇಕಾಗುತ್ತದೆ.

ಇಂತಿ, ವೈರಾಗ್ಯ ಎಷ್ಟು ಹುಡುಕಿದರೂ ಸಿಗದ,
ನಪಾಸಾದವಳ ತಂಗಿ