ಹಾಡಿನ ನಡುವೆ ಬಿಟ್ಟ ಜಾಗ

ಅಪ್ಪ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವನಲ್ಲ ನೀನು.

ಇವತ್ತು ಸ್ಟುಡಿಯೋದಲ್ಲಿ ಅವ್ವನ ಸೋಬಾನೆ ಪದಗಳನ್ನು ಮಿಕ್ಸ್ ಮಾಡಲು ಕೂತೆ. ಹೋದ ವರ್ಷ ನೀವಿಬ್ಬರೂ ಬುಕ್ಕಾಂಬುಧಿಯಿಂದ ಕಡೂರಿಗೆ ಬಂದಾಗ ರೆಕಾರ್ಡ್ ಮಾಡಿದ್ದು. ಗಾಜಿನ ಆಚೆ ಅವ್ವ ಹಾಡುತ್ತಿದ್ದಳು. ಈಚೆ ನೀನು ಇನ್ನೊಂದು ಮೈಕ್ ಹಿಡಿದು, ಯಾರೂ ಕೇಳದಿದ್ದರೂ, ಸಾಲುಸಾಲಿಗೆ ಅರ್ಥ ಹೇಳುತ್ತಿದ್ದೆ.

ಜೊತೆಗೆ ಕೆಲಸ ಮಾಡುವ ಶಶಿ ಸ್ಕ್ರೀನ್ ಮೇಲಿನ ದನಿಯ ಗೆರೆಗಳ ಏರಿಳಿತ ನೋಡಿ ಬೆರಗಾದ. "ನಿಮ್ಮಪ್ಪ ಬಾಯಿ ತೆಗೆದ್ರೆ ಸಾಕು, ಅಮ್ಮನ ದನಿ ಎಷ್ಟ್ ನೀಟಾಗಿ ಇಳಿದ್ಬಿಡುತ್ತೆ! ಯಾವ ಸೈಡ್‌ಚೈನ್ ಕಂಪ್ರೆಸರ್ ಹಾಕಿದ್ದೀಯಕ್ಕ?"

"ಇನ್ನೂ ಏನೂ ಹಾಕಿಲ್ಲ ಕಣೋ," ಅಂದೆ.

ಒಂದು ದನಿ ಬಂದಾಗ ಇನ್ನೊಂದನ್ನು ತಾನಾಗಿ ತಗ್ಗಿಸುವುದು ಆ ಕಂಪ್ರೆಸರ್‌ನ ಕೆಲಸ. ಸಿಟ್ಟಿಗೆ ಅದನ್ನು ನಿನ್ನ ದನಿಗೆ ಹಾಕಿದೆ. ಅವ್ವ ಹಾಡಿದಾಗಲೆಲ್ಲ ನೀನು ತಗ್ಗಬೇಕು. ಪ್ಲೇ ಮಾಡಿದರೆ ನೀನು ಒಂದಿಷ್ಟೂ ತಗ್ಗಲಿಲ್ಲ. ನೀನು ಮಾತಾಡುವಾಗ ಅವ್ವ ಹಾಡುತ್ತಿದ್ದರೆ ತಾನೇ?

ಕೊನೆಗೆ ನಿನ್ನ ದನಿಯನ್ನೇ ಮ್ಯೂಟ್ ಮಾಡಿದೆ. ಸಂಜೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದೆ. ಮೊದಲ ಸಾಲು ಮುಗಿದು ಹಾಡು ನಿಂತಿತು. ಚೆನ್ನಾಗಿದೆಯಾ ಎಂದು ಕೇಳಲು ನಾನು ಬಾಯಿ ತೆರೆದೆ. ಅವ್ವ ಕೈ ಎತ್ತಿ ತಡೆದಳು.

"ಸುಮ್ಕಿರೇ. ಇಲ್ಲಿ ನಿಮ್ಮಪ್ಪ ಮಾತಾಡ್ತಾರೆ."