ಲಸಿಕೆಯೊಳಗಿನ ಎರಡನೇ ವೈರಾಣು

ಲಸಿಕೆ ತಪಾಸಣೆ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಕೋಳಿ ಸಿಡುಬಿನ ಲಸಿಕೆಯಲ್ಲಿ ಬೇರೊಂದು ವೈರಾಣು ಸೇರಿಕೊಂಡಿದೆ ಎಂದು ಎರಡು ತಿಂಗಳ ಹಿಂದೆ ತಮಗೆ ವರದಿ ಕಳಿಸಿದ್ದೆ. ಆ ಲಸಿಕೆ ಇಂದಿಗೂ ಅಂಗಡಿಯಲ್ಲಿದೆ. ತಮ್ಮ ಉತ್ತರ ಮಾತ್ರ ಬಂದಿದೆ: ‘ಸದರಿ ಪಿಸಿಆರ್ ಪರೀಕ್ಷೆಯು ನಮ್ಮ ಕೈಪಿಡಿಯಲ್ಲಿ ಇಲ್ಲದ ಕಾರಣ ಪರಿಗಣಿಸಲಾಗದು.’ ಭೇಷ್. ಕೈಪಿಡಿಯಲ್ಲಿ ಇಲ್ಲದ್ದು ಕೋಳಿಯ ಮೈಯಲ್ಲೂ ಇರಕೂಡದಲ್ಲವೇ? ಕೋವಿಡ್ ಕಾಲದಲ್ಲಿ ಇದೇ ಪರೀಕ್ಷೆಗೆ ಮುಂಬಯಿಗೆ ಮುಂಬಯಿಯೇ ಮೂಗು ಒಡ್ಡಿತ್ತು. ಅಂದು ನಿಜ ಹೇಳಿದ ಯಂತ್ರ ಇಂದು ಸುಳ್ಳು ಕಲಿಯಿತೇ?

ನಾನು ವಿಲೆ ಪಾರ್ಲೆಯ ಖಾಸಗಿ ಲ್ಯಾಬೊಂದರಲ್ಲಿ ತಂತ್ರಜ್ಞ. ತಂಗಿ ಮಲ್ಲವ್ವ ಮಾನ್‌ಖುರ್ದ್‌ನಲ್ಲಿ ಖೋಲಿಯ ಹಿಂದೆ ಜವಾರಿ ಕೋಳಿ ಸಾಕಿದ್ದಳು. ಸಿಡುಬಿಗೆ ಹೆದರಿ ದಾದರ್‌ನಿಂದ ನಾನೇ ಲಸಿಕೆ ಒಯ್ದೆ. ಒಂದು ಸೀಸೆ ಐನೂರು ಕೋಳಿಗಾಗುತ್ತದೆ. ಒಮ್ಮೆ ಕಲಸಿದರೆ ಎರಡು ತಾಸಿನಲ್ಲಿ ಮುಗಿಸಬೇಕು. ತಂಗಿಯ ಕೋಳಿಗಳು ಇಪ್ಪತ್ತು. ಉಳಿದದ್ದು ಹಾಳಾಗುತ್ತದಲ್ಲ ಎಂದು ಓಣಿಯ ಹನ್ನೊಂದು ಮನೆಯವರನ್ನು ಕರೆದು, ಅವರ ಎಳೆಗೋಳಿಗಳ ರೆಕ್ಕೆಗೂ ಚುಚ್ಚಿದೆ. ಎಲ್ಲರೂ ಚಹಾ ಕೊಟ್ಟರು.

ತಿಂಗಳೊಪ್ಪತ್ತಿನಲ್ಲಿ ಕೋಳಿಗಳು ಬಿಳಿಚಿಕೊಂಡವು, ಬೆಳೆಯುವುದು ನಿಂತಿತು, ಒಂದೊಂದೇ ಸತ್ತವು. ಮಲ್ಲವ್ವ ಫೋನ್ ಮಾಡಿದಳು: “ಯಣ್ಣಾ, ತಗಡಿನ ಪತ್ರಾ ಮ್ಯಾಲ ಏರಿ ನಿನ್ನ ಕೈಗೆ ಸಿಗಲಿಲ್ಲಲ್ಲ, ಆ ಎರಡು ಚಲೋ ಅದಾವ. ಚುಚ್ಚಿದ್ವು ಸಾಯಾಕತ್ತಾವ.”

ಕಲಿತ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಅದೇ ಬ್ಯಾಚಿನ, ಸೀಲು ಒಡೆಯದ ಮೂರು ಸೀಸೆಗಳನ್ನು ಮೂರು ಅಂಗಡಿಯಿಂದ ತಂದು ಪರೀಕ್ಷಿಸಿದೆ. ಮೂರರಲ್ಲೂ ಕೋಳಿಯ ರೋಗನಿರೋಧಕ ಶಕ್ತಿಯನ್ನೇ ತಿಂದುಹಾಕುವ ಇನ್ನೊಂದು ವೈರಾಣು ಸಿಕ್ಕಿತು. ತಮಗೆ ಕಳಿಸಿದ ವರದಿ ಅದೇ.

ಓಣಿಯೆಲ್ಲ ನಮ್ಮ ಊರಿನ ಕಡೆಯವರೇ. ಮಲ್ಲವ್ವನ ಗಂಡ ತೀರಿಕೊಂಡಾಗ ಹದಿಮೂರು ದಿನ ಅಡುಗೆ ಮಾಡಿ ತಂದುಕೊಟ್ಟ ಹೆಣ್ಣುಮಕ್ಕಳೇ ಈಗ, “ಅಣ್ಣನ್ನ ಕರಿಸಿ ನಮ್ಮ ಕೋಳಿಗೆ ವಿಷಾ ಹಾಕಿಸಿದಿ” ಅನ್ನುತ್ತಾರೆ. ನಳದ ಹತ್ತಿರ ಯಾರೂ ಅವಳನ್ನು ಮಾತಾಡಿಸುವುದಿಲ್ಲ. ಅವರದೇನು ತಪ್ಪು? ಚುಚ್ಚಿದ ನನ್ನ ಕೈಯನ್ನೇ ಅಲ್ಲವೇ ಅವರು ಕಂಡದ್ದು? ನಾಚಿಕೆಯಿಂದ ನನಗೆ ಊಟ ಸೇರುತ್ತಿಲ್ಲ. ತಮಗೆ ಸೇರುತ್ತಿದೆಯೇ?

ರವಿವಾರ ಬರುತ್ತೇನೆಂದು ಮೊನ್ನೆ ಮಲ್ಲವ್ವನಿಗೆ ಹೇಳಿದೆ. “ಸ್ವಲ್ಪ ದಿನ ಬರಬ್ಯಾಡೋ ಯಣ್ಣಾ” ಅಂದಳು.

ಆ ಬ್ಯಾಚಿನ ಮಾರಾಟ ಇಂದೇ ನಿಲ್ಲಿಸಿ. ಪ್ರತಿ ಬ್ಯಾಚಿಗೂ ಈ ಪರೀಕ್ಷೆ ಕಡ್ಡಾಯ ಮಾಡಿ. ದೋಷ ಲಸಿಕೆಯದು, ಮಲ್ಲವ್ವನದಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿ ಕೊಡಿ. ಅದು ಕೈಗೆ ಬಂದರೆ ನಾನು ತಂಗಿಯ ಮನೆಗೆ ಹೋಗಬಹುದು.

ಇಂತಿ,
ಸೀಸೆಯ ಮೇಲಿನ ತಮ್ಮ ಮೊಹರು ನಂಬಿ ಸೂಜಿ ಹಿಡಿದ
ಯಲ್ಲಾಲಿಂಗ